ಆಯಿಗೆ ಬಂದ ನೆಗಡಿ

ಕೇಳುಗರೇ, ನಮಸ್ಕಾರ. ನಾನು ವಿಜಯಪುರದ ಒಂದು ದವಾಖಾನೆಯ ಐಸಿಯುನಲ್ಲಿ ಸಿಸ್ಟರ್. ಸಂಕ್ರಾಂತಿ ಬಂತು ಅಂದರೆ ಸಿದ್ಧೇಶ್ವರ ಜಾತ್ರೆ, ಮನೆ ತುಂಬ ಬೀಗರು, ಮಕ್ಕಳು, ಥಂಡಿ ಗಾಳಿ. ಆಗಲೇ ನಮ್ಮಲ್ಲಿ ದಮ್ಮು ಹತ್ತಿದ ವಯಸ್ಸಾದವರು ಜಾಸ್ತಿ ಬರುತ್ತಾರೆ. ಏನಾಯ್ತು ಅಂತ ಕೇಳಿದರೆ ಮನೆಯವರದು ಒಂದೇ ಮಾತು: ‘ಏನಿಲ್ರಿ ಸಿಸ್ಟರ್, ಬರೇ ನೆಗಡಿ ಆಗಿತ್ತು.’

ಹಾಗೆ ಬಂದ ಒಬ್ಬ ಆಯಿ ನನಗೆ ಇನ್ನೂ ಕಣ್ಣಮುಂದೆ ಇದ್ದಾರೆ. ವಯಸ್ಸು 70 ದಾಟಿತ್ತು. ಕಟ್ಟಿಗೆ ಒಲೆ ಮುಂದೆ ರೊಟ್ಟಿ ಬಡಿದು ಬಡಿದು, ಆ ಹೊಗೆಯನ್ನೆಲ್ಲ ಕುಡಿದು, ಅವರ ಶ್ವಾಸಕೋಶ ಮೊದಲೇ ಸೋತಿತ್ತು. ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ತೋರಿಸುವ ಆಕ್ಸಿಮೀಟರ್ ಬೆರಳಿಗೆ ಹಾಕಿದರೆ ಅಂಕಿಯೇ ಬರಲಿಲ್ಲ, ಕೈ ಅಷ್ಟು ತಣ್ಣಗಿತ್ತು. ನನ್ನ ಎರಡೂ ಅಂಗೈ ನಡುವೆ ಇಟ್ಟುಕೊಂಡು ಉಜ್ಜಿದೆ. ಆಮೇಲೆ ಬಂತು, 82. ಗಟ್ಟಿಮುಟ್ಟಾಗಿ ಇರುವವರಿಗೆ 95ರ ಮೇಲೆ ಇರುತ್ತೆ. ‘ನೀರು ಬೇಕು’ ಅನ್ನೋದಕ್ಕೆ ಆಯಿ ನಡುವೆ ಒಮ್ಮೆ ನಿಂತು ಉಸಿರು ಎಳೆದುಕೊಂಡರು.

ಯಾವ ವೈರಸ್ ಅಂತ ನೋಡುವ ಪಿಸಿಆರ್ ಪರೀಕ್ಷೆಯ ವರದಿ ಬಂತು: ಕೊರೋನಾ ವೈರಸ್, ಓಸಿ43. ಮಗನ ಮುಖ ಬಿಳಿಚಿಕೊಂಡಿತು. ‘ಮತ್ತ ಕೊರೋನಾ ಬಂತೇನ್ರಿ?’ 2021ರಲ್ಲಿ ಅಪ್ಪನ ಮುಖವನ್ನೂ ಸರಿಯಾಗಿ ನೋಡೋಕಾಗದೆ ಕಳಿಸಿಕೊಟ್ಟವನು ಅವನು. ಕೂರಿಸಿ ಹೇಳಿದೆ, ಇದು ಕೋವಿಡ್ ಅಲ್ಲಪ್ಪಾ. ಅದೇ ಬಳಗದ್ದು, ಆದರೆ ಬೇರೆ. ನೆಗಡಿ ತರುವ ಕೊರೋನಾಗಳು ನಾಲ್ಕಿವೆ: 229ಇ, ಓಸಿ43, ಎನ್‌ಎಲ್63, ಎಚ್‌ಕೆಯು1. ಮೊದಲಿನ ಎರಡು 1960ರ ದಶಕದಲ್ಲೇ ಸಿಕ್ಕವು, ಉಳಿದವು 2004, 2005ರಲ್ಲಿ ಗೊತ್ತಾದವು. ನಮಗೆಲ್ಲ ಇವು ಚಿಕ್ಕಂದಿನಲ್ಲೇ ಬಂದು ಹೋಗಿರುತ್ತವೆ. ಮೈಯಲ್ಲಿ ಹುಟ್ಟಿದ ತಡೆ ಬಹಳ ದಿನ ನಿಲ್ಲೋದಿಲ್ಲ, ಹಾಗಾಗಿ ಮತ್ತೆ ಮತ್ತೆ ಬರುತ್ತವೆ.

ಬಹಳಷ್ಟು ಮಂದಿಗೆ ಮೂಗು ಸೋರಿ, ಗಂಟಲು ಕೆರೆದು, ಮುಗಿಯುತ್ತೆ. ಆದರೆ ವಯಸ್ಸಾದವರಿಗೆ, ದಮ್ಮಿನ ರೋಗ ಇದ್ದವರಿಗೆ, ಕ್ಯಾನ್ಸರ್ ಔಷಧ ತಗೊಳ್ಳುವವರಿಗೆ, ಎಳೆ ಕೂಸುಗಳಿಗೆ ಅದೇ ನೆಗಡಿ ಎದೆಗೆ ಇಳಿದು ನ್ಯುಮೋನಿಯಾ ಆಗಬಹುದು. 2003ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಒಂದು ವೃದ್ಧಾಶ್ರಮದಲ್ಲಿ ಇದೇ ಓಸಿ43 ಹಬ್ಬಿತು. ಮೊದಲು ಸಾರ್ಸ್, ಅಂದರೆ ಆಗ ಹಬ್ಬಿದ್ದ ಇನ್ನೊಂದು ಕೊರೋನಾದ ಮಾರಕ ರೋಗ, ಇರಬಹುದೇನೋ ಅಂತ ಗಾಬರಿಯಾದರು. 142 ಮಂದಿಯಲ್ಲಿ 95 ಮಂದಿ ಮಲಗಿದರು, 8 ಜನ ತೀರಿಕೊಂಡರು. ನೆಗಡಿಯ ವೈರಸ್ಸೇ ಅದು.

ಇದನ್ನೇ ಕೊಲ್ಲುವ ಔಷಧ ಇಲ್ಲ, ಲಸಿಕೆಯೂ ಇಲ್ಲ. ‘ಒಂದು ಸಲಾಯಿನ್ ಹಚ್ರಿ, ಸ್ಟ್ರಾಂಗ್ ಗುಳಿಗೆ ಕೊಡ್ರಿ’ ಅಂತಾರೆ. ಆಂಟಿಬಯೋಟಿಕ್ ವೈರಸ್ಸಿಗೆ ತಟ್ಟೋದಿಲ್ಲ. ಮೇಲೆ ಬ್ಯಾಕ್ಟೀರಿಯಾ ಸೇರಿಕೊಂಡರೆ ಮಾತ್ರ ಬೇಕು, ಅದನ್ನು ಡಾಕ್ಟರು ನೋಡಿ ಹೇಳುತ್ತಾರೆ. ಆಕ್ಸಿಜನ್ ಆಗಲಿ ವೆಂಟಿಲೇಟರ್ ಆಗಲಿ ರೋಗ ಕಳೆಯುವ ಮಷಿನ್ ಅಲ್ಲ, ಶ್ವಾಸಕೋಶ ತಾನೇ ಚೇತರಿಸಿಕೊಳ್ಳೋವರೆಗೆ ಉಸಿರನ್ನು ಹಿಡಿದು ನಡೆಸುತ್ತವೆ. ಹಳೇ ದಮ್ಮಿನ ರೋಗಿಗೆ ಆಕ್ಸಿಜನ್ ಜಾಸ್ತಿ ಕೊಟ್ಟರೂ ತೊಂದರೆ. ಆಯಿಗೆ ನಾವು ಆಕ್ಸಿಮೀಟರ್ ಅಂಕಿಯನ್ನು 88ರಿಂದ 92ರ ನಡುವೆಯೇ ಇಟ್ಟೆವು. ‘ಯಾಕ್ರಿ ನೂರಕ್ಕ ಏರಿಸಂಗಿಲ್ಲ?’ ಅಂತ ಮಗ ದಿನಾ ಕೇಳುತ್ತಿದ್ದ. ದಿನಾ ಹೇಳಿದೆ.

ನನಗೆ ನಿಜವಾಗಿ ಸಂಕಟ ಆಗೋದು ‘ಮಾತಾಡಿಸಿ ಬರ್ತೀವಿ’ ಅಂತ ಬರುವವರನ್ನು ನೋಡಿ. ಪ್ರೀತಿಯಿಂದಲೇ ಬರುತ್ತಾರೆ, ನನಗೂ ಗೊತ್ತು. ಆದರೆ ಮೂಗು ಒರೆಸಿದ ಕೈಯಲ್ಲೇ ಆಯಿಯ ಗಲ್ಲ ಹಿಡಿಯುತ್ತಾರೆ. ನಿಮಗೆ ನೆಗಡಿ ಇದ್ದರೆ ದಯವಿಟ್ಟು ಬರಬೇಡಿ, ಫೋನಿನಲ್ಲಿ ಮಾತಾಡಿಸಿ. ಬರಲೇಬೇಕಾದರೆ ಮಾಸ್ಕ್ ಹಾಕಿ, ಸೋಪಿನಲ್ಲಿ ಕೈ ತೊಳೆದು ಬನ್ನಿ. ಮನೆಯಲ್ಲೂ ಅಷ್ಟೇ.

ಮನೆಯಲ್ಲಿ ವಯಸ್ಸಾದವರಿಗೆ ನೆಗಡಿ ಆದಾಗ ಸುಮ್ನೆ ಪಕ್ಕದಲ್ಲಿ ಕೂತು ಒಂದು ನಿಮಿಷ ಉಸಿರು ಎಣಿಸಿ. 30ರ ಹತ್ತಿರ ಹೋದರೆ, ಮಾತು ತುಂಡಾದರೆ, ತುಟಿ ನೀಲಿಯಾದರೆ, ಊಟ ಬಿಟ್ಟು ಮಂಕಾಗಿ ಕೂತರೆ, ಜ್ವರ ಇಲ್ಲದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ. ಆ ಆಯಿಯ ಮನೆಯವರು ಎರಡು ರಾತ್ರಿ ಕಾದಿದ್ದರು.

ಹತ್ತನೇ ದಿನ ಆಯಿ ಎದ್ದು ಕೂತು ನುಚ್ಚು ಮಜ್ಜಿಗೆ ಕೇಳಿದರು. ಒಂದು ಬಟ್ಟಲು ಪೂರ್ತಿ ಉಂಡರು, ನಡುವೆ ಉಸಿರಿಗೆ ನಿಲ್ಲದೆ. ಮೊಮ್ಮಗ ಗಾಜಿನ ಬಾಗಿಲ ಆಚೆ ಮಾಸ್ಕ್ ಹಾಕಿಕೊಂಡು ನಿಂತಿದ್ದ, ಅವನಿಗಿನ್ನೂ ಕೆಮ್ಮು ಇತ್ತು. ಆಯಿ ಚಮಚ ಎತ್ತಿ ಅವನಿಗೆ ತೋರಿಸಿದರು.