ಒಂದು ತೋಟದ ಸುದ್ದಿ ಇನ್ನೊಂದು ತೋಟಕ್ಕೆ

ಕೇಳುಗರಿಗೆ ನಮಸ್ಕಾರ.

ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ಕೊಳೆರೋಗ ಬಾರದಂತೆ ಮಳೆಗಾಲದ ಹೊಸ್ತಿಲಲ್ಲಿ ಮರವೇರಿ ಬೋರ್ಡೋ ಮದ್ದು ಹೊಡೆಯುವವನನ್ನು, ಕೊಯ್ಲಿನ ಕಾಲಕ್ಕೆ ಕೊನೆ, ಅಂದರೆ ಅಡಿಕೆಯ ಗೊನೆ, ಇಳಿಸಿಕೊಡುವವನನ್ನು ನಾವು ಕೊನೆಗೌಡ ಎಂದು ಕರೆಯುತ್ತೇವೆ. ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗೌಡ ಏರಿದ ಮರವನ್ನೇ ತೂಗಿ ಪಕ್ಕದ ಮರಕ್ಕೆ ದಾಟಿಕೊಳ್ಳುತ್ತ, ಮೇಲಿನಿಂದಲೇ ಮಾತಾಡುತ್ತಿದ್ದ. ಒಂದು ದಿನ ಹಾಗೆಯೇ ಕೂಗಿ ಹೇಳಿದ: “ಹೆಗಡೇರೇ, ಕಾಳುಮೆಣಸಿನ ಸಸಿ ಬೇಕು ಅಂದಿದ್ರಲ್ಲ, ಆಚೆ ಊರಿನ ಭಟ್ಟರು ಮಾಡಿಟ್ಟಿದಾರೆ. ನಿಮ್ಮ ವಿಷಯ ಹೇಳಿ ಬಂದಿದೀನಿ, ಹೋಗಿ ಬನ್ನಿ.”

ಸಸಿ ಎಲ್ಲಿದೆ ಎಂಬುದನ್ನು ಯಾರಾದರೂ ಹೇಳಿಯಾರು. ಆದರೆ ನಾನು ಹೋಗುವ ಮೊದಲೇ ಅಲ್ಲಿ ನನ್ನ ಮಾತು ತೆಗೆದಿಟ್ಟು, ನಾನು ಅಂಗಳಕ್ಕೆ ಕಾಲಿಟ್ಟಾಗ ಭಟ್ಟರು “ಓ, ನೀವೇ ಏನು?” ಎಂದು ಚಾಪೆ ಹಾಸುವಂತೆ ಮಾಡಿದ್ದು ಅವನ ಹೆಚ್ಚುಗಾರಿಕೆ. ಜನರನ್ನು ಬೆಸೆಯುವ ಗುಣ ಎಂದು ನಾನು ಕರೆಯುವುದು ಇದನ್ನು. ಕಾರವಾರದ ಓಣಿಗಳಲ್ಲಿ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವ ಹೆಂಗಸಿನಲ್ಲಿಯೂ ಇದೇ ಗುಣವುಂಟು. ವರ್ಗವಾಗಿ ಬಂದ ನೌಕರನಿಗೆ ಯಾವ ಮನೆಯ ಮಹಡಿ ಖಾಲಿಯಿದೆ ಎಂಬುದು ಆಕೆಯಿಂದಲೇ ಮೊದಲು ತಿಳಿಯುತ್ತದೆ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನವೊಂದು ಈ ಸಂಗತಿಗೆ ಕಾರಣವನ್ನು ಕೊಡುತ್ತದೆ. ಅಮೆರಿಕದ ಬಾಸ್ಟನ್ ಬಳಿ, ಪರಿಚಿತರ ಮೂಲಕ ಕೆಲಸ ಹಿಡಿದ 54 ಮಂದಿಯನ್ನು ಅವರು ವಿಚಾರಿಸಿದಾಗ, ಸುಳಿವು ಕೊಟ್ಟವರನ್ನು ತಾವು ಆ ಕಾಲದಲ್ಲಿ ಮೇಲಿಂದ ಮೇಲೆ ಕಾಣುತ್ತಿದ್ದೆವು ಎಂದವರು ನೂರಕ್ಕೆ 17ರಷ್ಟೂ ಇರಲಿಲ್ಲ. ಉಳಿದವರಿಗೆಲ್ಲ ನೆರವಾದವರು ಆಗೊಮ್ಮೆ ಈಗೊಮ್ಮೆ ಕಾಣಸಿಗುತ್ತಿದ್ದವರು. ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ಬೇರೆ ಬಳಗದಲ್ಲಿ ಓಡಾಡುವವರಿಂದ. ನಮ್ಮ ಕೊನೆಗೌಡ ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಬರುತ್ತಿದ್ದ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ಇನ್ನೊಂದು ಪ್ರಯೋಗವಂತೂ ನನಗೆ ಬಹಳ ಪ್ರಿಯವಾದದ್ದು. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮತ್ತು ಜೆಫ್ರಿ ಟ್ರಾವರ್ಸ್ ನೆಬ್ರಾಸ್ಕಾ ಹಾಗೂ ಬಾಸ್ಟನ್ನಿನ ಕೆಲವರಿಗೆ ಕಡತವೊಂದನ್ನು ಕೊಟ್ಟು, ಪರಿಚಿತರಿಂದ ಪರಿಚಿತರಿಗೆ ಕೈದಾಟಿಸುತ್ತ ಅದನ್ನು ಗೊತ್ತಾದ ಒಬ್ಬ ಷೇರು ದಲ್ಲಾಳಿಗೆ ಮುಟ್ಟಿಸಲು ಹೇಳಿದರು. ಅವರು 1969ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಗುರಿ ಮುಟ್ಟಿದ ಕಡತಗಳು 64. ಅವುಗಳಲ್ಲಿ 16 ಕಡತಗಳನ್ನು ಕೊನೆಯದಾಗಿ ತಲುಪಿಸಿದವನು ಒಬ್ಬನೇ ಒಬ್ಬ, ಆ ದಲ್ಲಾಳಿಯ ಊರಿನ ಬಟ್ಟೆ ವ್ಯಾಪಾರಿ! ಅಂಗಡಿಯ ಕಟ್ಟೆಯ ಮೇಲೆ ಕುಳಿತು ಊರನ್ನೆಲ್ಲ ಮಾತಾಡಿಸುವ ವ್ಯಾಪಾರಿಗಳು ಶಿರಸಿ ಪೇಟೆಯಲ್ಲಿಯೂ ಇದ್ದಾರಷ್ಟೆ.

ಈ ಬೆಸೆಯುವ ಗುಣವನ್ನು ದಲಾಲಿಯೊಂದಿಗೆ ಬೆರೆಸಬಾರದು. ದಲಾಲನಿಗೆ ಕಮಿಷನ್ ಬಂದರೆ ವ್ಯವಹಾರ ಮುಗಿಯಿತು; ಬೆಸೆಯುವವನು ಒತ್ತೆಯಿಡುವುದು ತನ್ನ ಹೆಸರನ್ನು. ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಪರಿಚಯದ ಹುಡುಗನೊಬ್ಬನನ್ನು, ಅವನ ಕೆಲಸವನ್ನು ಒಮ್ಮೆಯೂ ಕಣ್ಣಾರೆ ನೋಡದೆ, ದಾಕ್ಷಿಣ್ಯಕ್ಕೆ ಸಿಕ್ಕಿ ಕುಮಟಾದ ಸ್ನೇಹಿತರೊಬ್ಬರ ಅಂಗಡಿಗೆ ಸೇರಿಸಿದೆ. ಮೂರನೆಯ ವಾರ ಅವನು ಹೇಳದೆ ಕೇಳದೆ ಹೋಗಿಬಿಟ್ಟ. ಸ್ನೇಹಿತರು ಒಂದು ಮಾತನ್ನೂ ಆಡಲಿಲ್ಲ, ಆದರೆ ಆಮೇಲೆ ಯಾರನ್ನಾದರೂ ಕಳಿಸಿಕೊಡಿ ಎಂದು ನನ್ನನ್ನು ಕೇಳಲೂ ಇಲ್ಲ. ಮೊಬೈಲಿನಲ್ಲಿ ನಂಬರು ದಾಟಿಸುವುದು ಅರೆಗಳಿಗೆಯ ಕೆಲಸವಾಗಿರುವ ಈ ಕಾಲದಲ್ಲಿ ಇಂಥ ತಪ್ಪು ಇನ್ನೂ ಸಲೀಸು.

ಈಗ ಮರವೇರುವವರು ವಿರಳ. ಕಳೆದ ಮಳೆಗಾಲದಲ್ಲಿ ನಾನೂ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ತರಿಸಿ, ನೆಲದ ಮೇಲೆ ನಿಂತೇ ಮದ್ದು ಹೊಡೆಸಿದೆ. ಕೆಲಸ ಅಚ್ಚುಕಟ್ಟಾಗಿ, ಎರಡು ದಿನ ಮೊದಲೇ ಮುಗಿಯಿತು. ಭಟ್ಟರ ಮಗಳ ಮದುವೆಯಾದ ಸುದ್ದಿ ಮಾತ್ರ ನನಗೆ ತಿಳಿದದ್ದು ತಿಂಗಳ ಮೇಲೆ.

ನಮಸ್ಕಾರ.