ಶಂಟ್ ಆಪರೇಷನ್: ಕಡಿಮೆ ಕೈ, ಕಡಿಮೆ ಹೊತ್ತು

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನಲ್ಲಿ ಮಕ್ಕಳ ಮೆದುಳಿನ ಆಪರೇಷನ್ ಮಾಡುವ ಡಾಕ್ಟರ್ ನಾನು. ಮಗುವಿನ ತಲೆಯಲ್ಲಿ ನೀರು ತುಂಬಿದೆ, ಶಂಟ್, ಅಂದರೆ ಆ ನೀರನ್ನು ಹೊಟ್ಟೆಗೆ ಹರಿಸುವ ಟ್ಯೂಬು, ಹಾಕಬೇಕು ಅಂದ ಕೂಡಲೇ ಮನೆಯವರು ಕೇಳುವುದು ಒಂದೇ. "ಡಾಕ್ಟ್ರೇ, ಫಾರಿನ್ ಟ್ಯೂಬು ಹಾಕಿಸೋಣವಾ? ದುಡ್ಡು ಎಷ್ಟಾದರೂ ಪರವಾಗಿಲ್ಲ." ಬೇಡ ಅಂದರೆ ನಂಬುವುದಿಲ್ಲ. ಇವತ್ತು ಆ ಮಾತನ್ನೇ ಬಿಡಿಸಿ ಹೇಳುತ್ತೇನೆ.

ಮೆದುಳಿನೊಳಗೆ ದಿನವೂ ತಿಳಿನೀರು ಹುಟ್ಟುತ್ತದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್. ಅದು ಮೆದುಳನ್ನು ಸುತ್ತಿ ರಕ್ತಕ್ಕೆ ಸೇರಬೇಕು. ದಾರಿ ಕಟ್ಟಿದರೆ ಒಳಗೇ ನಿಲ್ಲುತ್ತದೆ. ಹಸುಗೂಸಿನ ತಲೆಬುರುಡೆ ಇನ್ನೂ ಕೂಡಿರುವುದಿಲ್ಲ. ಹಾಗಾಗಿ ನೆತ್ತಿ ಉಬ್ಬುತ್ತದೆ, ತಲೆ ದೊಡ್ಡದಾಗುತ್ತದೆ.

ಆಗ ಮೂಳೆಯಲ್ಲಿ ಸಣ್ಣ ತೂತು ಮಾಡಿ, ಶಾವಿಗೆಗಿಂತ ಸ್ವಲ್ಪ ದಪ್ಪನೆಯ ಸಿಲಿಕೋನ್ ಟ್ಯೂಬನ್ನು ನೀರಿರುವ ಜಾಗಕ್ಕೆ ಇಳಿಸುತ್ತೇವೆ. ನೆತ್ತಿ ಇನ್ನೂ ಮುಚ್ಚಿರದಿದ್ದರೆ ಅದರ ಮೇಲೆ ಅಲ್ಟ್ರಾಸೌಂಡ್ ಇಟ್ಟು ಟ್ಯೂಬಿನ ತುದಿ ಎಲ್ಲಿದೆ ಅಂತ ನೋಡಬಹುದು. ಟ್ಯೂಬಿನ ಜೊತೆ ಒಂದು ವಾಲ್ವ್ ಇರುತ್ತದೆ, ನೀರನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಅಲ್ಲಿಂದ ಚರ್ಮದ ಕೆಳಗೇ ಕತ್ತು, ಎದೆ ದಾಟಿ ಹೊಟ್ಟೆಯೊಳಕ್ಕೆ. ಮಗು ಬೆಳೆಯುತ್ತದಲ್ಲ, ಅದಕ್ಕೆ ಹೊಟ್ಟೆಯಲ್ಲಿ ಉದ್ದ ಜಾಸ್ತಿ ಬಿಡುತ್ತೇವೆ.

ಇದನ್ನು ಕೆಡಿಸುವುದು ನಮ್ಮೆಲ್ಲರ ಚರ್ಮದ ಮೇಲೆ ಸುಮ್ಮನೆ ಇರುವ ಕೀಟಾಣು. ಟ್ಯೂಬಿಗೆ ಅಂಟಿತು ಅಂದರೆ ಔಷಧಿ ಕೊಟ್ಟರೆ ಸಾಲದು, ಶಂಟನ್ನೇ ತೆಗೆಯಬೇಕು. ಅದಕ್ಕೇ ಹೇಳುವುದು: ಕಡಿಮೆ ಕೈ, ಕಡಿಮೆ ಹೊತ್ತು.

ಫ್ರಾನ್ಸಿನ ಮಾರ್ಸೇ ಊರಿನ ಡಾಕ್ಟರ್ ಮೋರಿಸ್ ಶೂ ಅವರ ತಂಡ 1992ರಲ್ಲಿ ಬರೆದ ಲೇಖನವನ್ನು ನನ್ನ ಜೂನಿಯರ್‌ಗಳಿಗೆಲ್ಲ ಓದಿಸುತ್ತೇನೆ. ಅವರಲ್ಲಿ ಮೊದಲು ನೂರು ಶಂಟ್ ಆಪರೇಷನ್‌ಗೆ ಸುಮಾರು 8ರಲ್ಲಿ ಸೋಂಕಾಗುತ್ತಿತ್ತು. ಅವರು ಹೊಸ ಮೆಷಿನ್ ತಂದು ಗೆದ್ದವರಲ್ಲ. ಕಟ್ಟುನಿಟ್ಟು ತಂದರು. ಪುಟ್ಟ ಮಗುವಿನ ಆಪರೇಷನ್ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು. ಥಿಯೇಟರಿನಲ್ಲಿ ಬೇಕಾದವರು ಮಾತ್ರ. ಕೊನೆ ಗಳಿಗೆಯವರೆಗೂ ಶಂಟಿನ ಡಬ್ಬಿ ತೆರೆಯುವ ಹಾಗಿಲ್ಲ. ಕೆಲಸ ಬೇಗ ಮುಗಿಯಬೇಕು, ಅವಸರ ಮಾತ್ರ ಕೂಡದು. ಫಲ ಏನು ಗೊತ್ತೇ? ಸೋಂಕು ನೂರಕ್ಕೆ 1 ಕೂಡ ಉಳಿಯಲಿಲ್ಲ! ಬಾಗಿಲು ಮುಚ್ಚಿಡುವುದು, ಕೈ ತೊಳೆಯುವುದು, ಸುಮ್ಮನೆ ಒಳಗೆ ಬರುವವರನ್ನು ತಡೆಯುವುದು, ಇದಕ್ಕೆಲ್ಲ ಎಷ್ಟು ದುಡ್ಡು ಬೇಕು ಹೇಳಿ? ಓದಿದಾಗಲೆಲ್ಲ ನನಗೆ ಹುರುಪು ಬರುತ್ತದೆ.

ಇನ್ನು ಫಾರಿನ್ ಟ್ಯೂಬಿನ ಮಾತು. ಯುಗಾಂಡದ ಎಂಬಾಲೆ ಊರಿನ ಆಸ್ಪತ್ರೆಯಲ್ಲಿ ನಮ್ಮ ದೇಶದಲ್ಲೇ ತಯಾರಾಗುವ ಛಾಬ್ರಾ ಶಂಟನ್ನೂ ಹತ್ತು ಪಟ್ಟಿಗಿಂತ ಹೆಚ್ಚು ಬೆಲೆಯ ಫಾರಿನ್ ಶಂಟನ್ನೂ ಮಕ್ಕಳಿಗೆ ಹಾಕಿ ನೋಡಿದರು. ವರ್ಷದ ಕೊನೆಗೆ ಫಲದಲ್ಲಿ ವ್ಯತ್ಯಾಸವಿರಲಿಲ್ಲ. 2005ರಲ್ಲೇ ಇದು ಪ್ರಕಟವಾಗಿದೆ. ಆಂಟಿಬಯಾಟಿಕ್ ಬೆರೆಸಿದ ಟ್ಯೂಬುಗಳಿವೆ, ಸೋಂಕು ತಗ್ಗಿಸುತ್ತವೆ, ಸಿಕ್ಕರೆ ಒಳ್ಳೆಯದೇ. ಆದರೂ ಅದನ್ನು ಹಿಡಿಯುವ ಕೈ ತೊಳೆದಿರಬೇಕು, ಅಲ್ವಾ?

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಕೋಲಾರ, ಮಂಡ್ಯದಿಂದ ಗಾಡಿ ಮಾಡಿಕೊಂಡು ಹತ್ತು ಜನ ಮಗು ನೋಡಲು ಬರಬೇಡಿ. ವಾರ್ಡಿಗೂ ಅದೇ ಮಾತು, ಕಡಿಮೆ ಕೈ. ಹೊಲಿಗೆಯ ಮೇಲೆ ಎಣ್ಣೆ, ಅರಿಶಿನ, ವಿಭೂತಿ ಯಾವುದೂ ಬೇಡ. ಸೋಂಕು ಬಂದರೆ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ ಬರುತ್ತದೆ. ಜ್ವರ, ಟ್ಯೂಬಿನ ದಾರಿಯಲ್ಲಿ ಕೆಂಪು, ಬಿಡದ ವಾಂತಿ, ನೆತ್ತಿ ಉಬ್ಬು, ಎಬ್ಬಿಸಿದರೂ ಏಳದ ನಿದ್ದೆ, ಇದರಲ್ಲಿ ಒಂದು ಕಂಡರೂ ಅವತ್ತೇ ಹೊರಡಿ. ಸೋಮವಾರದ ಓಪಿಡಿಗೆ ಕಾಯಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್ ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತದೆ. ಮಗುವಿನ ಡಿಸ್ಚಾರ್ಜ್ ಚೀಟಿ, ಹಳೆಯ ಸ್ಕ್ಯಾನ್ ಜೊತೆಯಲ್ಲೇ ತನ್ನಿ.