ಗೊಂಬೆಗೆ ಸೋತ ಮಡಿವಂತ

ಕೇಳುಗರಿಗೆ ನಮಸ್ಕಾರ.

ಧರ್ಮದ ಅಮಲೇರಿದವರನ್ನು ನಾಟಕದಲ್ಲಿ ಲೇವಡಿ ಮಾಡಿದವರು ಬಹಳ ಜನ. ಇಂಗ್ಲಿಷಿನಲ್ಲಿ ಬೆನ್ ಜಾನ್ಸನ್‌ನಷ್ಟು ಸೊಗಸಾಗಿ ಮಾಡಿದವರು ಕಡಿಮೆ. 1614ರಲ್ಲಿ ಲಂಡನ್ನಿನಲ್ಲಿ ಆಡಿದ ಅವನ 'ಬಾರ್ಥಲೋಮ್ಯು ಫೇರ್' ಒಂದು ಜಾತ್ರೆಯ ಕಥೆ.

ಅದರಲ್ಲಿ ಬಿಝಿ ಅನ್ನೋ ಪ್ಯೂರಿಟನ್ ಒಬ್ಬ ಬರುತ್ತಾನೆ. ಪ್ಯೂರಿಟನ್ನರು ಅಂದರೆ ಚರ್ಚಿನಲ್ಲಿ ಉಳಿದ ಆಡಂಬರವನ್ನೆಲ್ಲ ತೊಳೆದುಹಾಕಬೇಕು ಅಂತ ಹಟ ಹಿಡಿದವರು. ಅವರಲ್ಲಿ ಹಲವರಿಗೆ ನಾಟಕ ಕಂಡರಾಗದು. ಬಿಝಿಗೆ ಜಾತ್ರೆಯೂ ಪಾಪವೇ. ಆದರೆ ಬಸುರಿಯೊಬ್ಬಳಿಗೆ ಜಾತ್ರೆಯಲ್ಲಿ ಸುಟ್ಟ ಹಂದಿ ತಿನ್ನೋ ಬಯಕೆ. ತಿನ್ನಬಹುದಾ ಅಂತ ಬಿಝಿಯನ್ನು ಕೇಳುತ್ತಾರೆ. ಮೊದಲು ರಾಗ ಎಳೆಯುತ್ತಾನೆ, ಆಮೇಲೆ ಒಪ್ಪುತ್ತಾನೆ. ತಾನೂ ಗಡದ್ದಾಗಿ ತಿನ್ನುತ್ತೇನೆ ಅನ್ನುತ್ತಾನೆ. ಯಾಕೆ? ಯಹೂದಿಗಳು ಹಂದಿ ತಿನ್ನೋದಿಲ್ಲವಲ್ಲ, ತಾನು ಅವರ ಕಡೆಯವನಲ್ಲ ಅಂತ ತೋರಿಸೋಕಂತೆ! ಒಂದೇ ಏಟಿಗೆ ಹೊಟ್ಟೆಬಾಕತನ, ಕಪಟ, ಪರಧರ್ಮದ ದ್ವೇಷ ಎಲ್ಲ ಬಯಲಾಗುತ್ತವೆ.

ಕೊನೆಗೆ ಗೊಂಬೆಯಾಟದ ಡೇರೆಗೆ ನುಗ್ಗಿ ಗೊಂಬೆಯ ಜೊತೆಗೇ ವಾದಕ್ಕೆ ನಿಲ್ಲುತ್ತಾನೆ. ಗಂಡು ಹೆಣ್ಣಿನ ವೇಷ ಹಾಕೋದು ಪಾಪ ಅನ್ನುತ್ತಾನೆ. ಗೊಂಬೆ ಸುಮ್ನೆ ತನ್ನ ಬಟ್ಟೆ ಎತ್ತಿ ತೋರಿಸುತ್ತದೆ. ಒಳಗೆ ಗಂಡೂ ಇಲ್ಲ, ಹೆಣ್ಣೂ ಇಲ್ಲ! ಬಿಝಿ ಸೋತೆ ಅಂತ ಒಪ್ಪಿ ಆಟ ನೋಡೋಕೆ ಕೂರುತ್ತಾನೆ.

ಜಾನ್ಸನ್‌ಗೆ ಭಿನ್ನಮತದ ಕಷ್ಟ ಗೊತ್ತಿಲ್ಲದೆ ಏನಿಲ್ಲ. 1598ರಲ್ಲಿ ಜೈಲಿನಲ್ಲಿದ್ದಾಗ ಅವನು ಕ್ಯಾಥೊಲಿಕ್ ಆದ, ಸುಮಾರು 12 ವರ್ಷ ಹಾಗೇ ಇದ್ದ. ರಾಜನ ಚರ್ಚಿಗೆ ಹೋಗದವರ ಮೇಲೆ ಮೊಕದ್ದಮೆ ಬೀಳುತ್ತಿದ್ದ ಕಾಲ ಅದು. ಅವನನ್ನೂ ಕೋರ್ಟು ಬಿಡಲಿಲ್ಲ.

ಮುಂದೆ ಕಾಲ ತಿರುಗಿತು. 1642ರಲ್ಲಿ ಪಾರ್ಲಿಮೆಂಟು ಲಂಡನ್ನಿನ ರಂಗಮಂದಿರಗಳನ್ನು ಮುಚ್ಚಿಸಿತು, ಪ್ಯೂರಿಟನ್ನರ ಕೈ ಮೇಲಾಯಿತು. ನಡುವೆ ಇಲ್ಲವಾಗಿದ್ದ ರಾಜನ ಆಳ್ವಿಕೆ 1660ರಲ್ಲಿ ಮರಳಿತು. ಮರುವರ್ಷವೇ ಬಿಝಿ ಮತ್ತೆ ರಂಗಕ್ಕೆ ಬಂದ, ಜನ ಮತ್ತೆ ನಕ್ಕರು. ಆದರೆ ಈಗ ಪೆಟ್ಟು ತಿನ್ನುತ್ತಿದ್ದವರು ಅಧಿಕಾರ ಕಳೆದುಕೊಂಡವರು, ಅಲ್ವಾ? ಸ್ಯಾಮ್ಯುಯೆಲ್ ಪೀಪ್ಸ್ ಅನ್ನೋ ಸರ್ಕಾರಿ ಅಧಿಕಾರಿ 1668ರಲ್ಲಿ ಈ ನಾಟಕ ನೋಡಿ ಬಂದು ದಿನಚರಿಯಲ್ಲಿ ಬರೆದ: ಪ್ಯೂರಿಟನ್ನರನ್ನು ಬೈಯೋದು ಹಳಸಿಹೋಗಿದೆ, ಕೊನೆಗೆ ಅವರೇ ಎಲ್ಲರಿಗಿಂತ ಜಾಣರು ಅಂತ ಗೊತ್ತಾದೀತು.

ಪೀಪ್ಸ್ ಹಾಗೆ ಬರೆಯುವಾಗ ಜಾನ್ ಬನ್ಯನ್ ಅನ್ನೋ ಪ್ಯೂರಿಟನ್ ಬೋಧಕ ಬೆಡ್‌ಫರ್ಡಿನ ಜೈಲಿನಲ್ಲಿದ್ದ. ಪಾತ್ರೆ ರಿಪೇರಿ ಮಾಡುವ ಬಡವ. ಅಪ್ಪಣೆಯಿಲ್ಲದೆ ಬೋಧನೆ ಮಾಡಿದ್ದೇ ಅವನ ತಪ್ಪು. ನಿಲ್ಲಿಸುತ್ತೇನೆ ಅಂದಿದ್ದರೆ ಬಿಡುತ್ತಿದ್ದರು. ಇವತ್ತು ಬಿಟ್ಟರೆ ನಾಳೆಯೇ ಬೋಧಿಸುತ್ತೇನೆ ಅಂದ. 12 ವರ್ಷ ಒಳಗೇ ಇದ್ದ.